ಏರ್ ಫ್ರೈಯರ್ ಬಿಸಿಯಾದ ಮೇಲೆ ಗರಗರ ಸದ್ದು: ಏನು ನೋಡಬೇಕು?

ಒಗ್ಗರಣೆ ಸೌಟು, ಮೈಸೂರು

ಎಲ್ಲರಿಗೂ ನಮಸ್ಕಾರ. ಅಡುಗೆಮನೆ ಮಷೀನುಗಳ ವಿಷಯ ತಿಳಿದವರು ದಯವಿಟ್ಟು ಸ್ವಲ್ಪ ಸಹಾಯ ಮಾಡಿ.

ನಮ್ಮ ಮನೆಯಲ್ಲಿರುವುದು 4 ಲೀಟರಿನ, 1400 ವ್ಯಾಟಿನ ಏರ್ ಫ್ರೈಯರ್. ಮುಂದಿನಿಂದ ಬುಟ್ಟಿ ಎಳೆಯುವ ಮಾದರಿ. ಗಾಳಿಯ ಸದ್ದು ಮೊದಲಿನಿಂದಲೂ ಇತ್ತು, ಅದಕ್ಕೆ ಒಗ್ಗಿಹೋಗಿದ್ದೆವು. ಈಗ ಅದರ ಜೊತೆಗೆ ತಗಡಿಗೆ ತಗಡು ಉಜ್ಜಿದ ಹಾಗೆ ಗರಗರ ಅಂತ ಬರುತ್ತಿದೆ. ಹಾಲ್‌ನಲ್ಲಿ ಕೂತವರಿಗೂ ಕೇಳಿಸುತ್ತದೆ.

ಕರಿದ ತಿಂಡಿ ಬೇಡ ಅಂತ ಡಾಕ್ಟರ್ ಮಾವನವರಿಗೆ ಹೇಳಿದ ಮೇಲೆ ತಗೊಂಡಿದ್ದು. ಬೆಂಡೆಕಾಯಿ, ಹಾಗಲಕಾಯಿ, ಶೇಂಗಾ, ಹಪ್ಪಳ ಎಲ್ಲ ಇದರಲ್ಲೇ. ದಿನಾ ಒಂದು ಸಲವಾದರೂ ಓಡುತ್ತದೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಮಷೀನ್ ನೋಡದೆಯೇ "ಮೋಟಾರ್ ಹೋಗಿರುತ್ತೆ, ಪೂರ್ತಿ ಸೆಟ್ ಬದಲಾಯಿಸಬೇಕು" ಅಂದರು. ವಾರಂಟಿ ಮುಗಿದಿದೆ. ಅವರು ಹೇಳಿದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತದೆ.

ನಿಜವಾಗಿಯೂ ಮೋಟಾರೇನಾ? ಮನೆಯಲ್ಲೇ ನೋಡುವಂಥದ್ದು ಏನಾದರೂ ಇದೆಯಾ?

ಬಂಗುಡೆ ಫ್ರೈ, ಮಂಗಳೂರು

ಅಕ್ಕ, ಬುಟ್ಟಿಯಲ್ಲಿ ಬಟರ್ ಪೇಪರ್ ಹಾಕುತ್ತೀರಾ? ಹಾಕುವುದಾದರೆ ಮೊದಲು ಅದನ್ನೇ ನೋಡಿ. ಮೇಲೆ ಭಾರ ಇಲ್ಲದಿದ್ದರೆ ಪೇಪರ್ ಗಾಳಿಗೆ ಎದ್ದು ಮೇಲಿರುವ ಬಿಸಿ ಮಾಡುವ ಕಾಯಿಲ್‌ಗೆ ಬಡಿಯುತ್ತದೆ, ಪಟಪಟ ಅಂತ ಸದ್ದು ಬರುತ್ತದೆ. ನಾವು ಮೀನು ಇಡುವಾಗ ಪೇಪರಿನ ಅಂಚು ಮೀನಿಗಿಂತ ಆಚೆ ಬಾರದ ಹಾಗೆ ಕತ್ತರಿಸುತ್ತೇವೆ. ಖಾಲಿ ಬುಟ್ಟಿಗೆ ಪೇಪರ್ ಹಾಕಿ ಪ್ರೀಹೀಟ್ ಮಾಡುವುದು ಮಾತ್ರ ಬೇಡವೇ ಬೇಡ ಮಾರಾಯ್ರೆ, ಕಾಯಿಲ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ.

ಹಪ್ಪಳ, ಕರಿಬೇವು, ಶೇಂಗಾ ಸಿಪ್ಪೆ ಕೂಡ ಹೀಗೇ ಹಾರುತ್ತವೆ. ಹಪ್ಪಳದ ಮೇಲೆ ಸಣ್ಣ ಸ್ಟೀಲ್ ಸ್ಟ್ಯಾಂಡ್ ಇಟ್ಟರೆ ಏಳುವುದಿಲ್ಲ.

ಎರಡನೇ ಮಹಡಿ, ಬೆಂಗಳೂರು

ಬುಟ್ಟಿಯ ಒಳಗಿನ ತೂತಿನ ತಟ್ಟೆಯನ್ನೂ ನೋಡಿ. ಅದರ ಸುತ್ತ ಸಣ್ಣ ಸಿಲಿಕಾನ್ ಬುಶ್‌ಗಳು ಇರುತ್ತವೆ. ಒಂದು ಕಳಚಿದರೂ ತಟ್ಟೆ ಅಲ್ಲಾಡಿ ಕಟಕಟ ಅನ್ನುತ್ತದೆ. ಕಳಚಿದ ಬುಶ್ ಊಟದಲ್ಲಿ ಸೇರಿಹೋಗುವ ಅಪಾಯವೂ ಇದೆ, ಮಕ್ಕಳಿರುವ ಮನೆಯಲ್ಲಿ ದಿನಾ ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ಇನ್ನೊಂದು, ಮಷೀನ್ ಎಲ್ಲಿ ಇಟ್ಟಿದ್ದೀರಿ? ನಮ್ಮಲ್ಲಿ ತೆಳು ಸ್ಟೀಲ್ ರ‍್ಯಾಕ್ ಮೇಲೆ ಇಟ್ಟಾಗ ಇಡೀ ರ‍್ಯಾಕ್ ಗುಂಯ್ ಅನ್ನುತ್ತಿತ್ತು. ಗ್ರಾನೈಟ್ ಕಟ್ಟೆಗೆ ಇಳಿಸಿದ ಮೇಲೆ ಅರ್ಧಕ್ಕರ್ಧ ಸದ್ದು ಕಡಿಮೆಯಾಯಿತು. ಹಿಂದಿನ ಬಿಸಿಗಾಳಿಯ ಕಿಂಡಿ ಗೋಡೆಗೆ ಅಂಟಿಕೊಂಡಿರಬಾರದು, ಕಡಿಮೆ ಅಂದರೂ ಒಂದು ಗೇಣು ಜಾಗ ಬಿಡಿ.

ಐಟಿಐ ಮೇಷ್ಟ್ರು, ತುಮಕೂರು

ಮೇಡಂ, ಮೋಟಾರ್ ಹೋಗಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಫೋನಿನಲ್ಲಿ ಹೇಳಲು ಆಗುವ ವಿಷಯ ಅದಲ್ಲ. ನಾನು ಎಲೆಕ್ಟ್ರಿಕಲ್ ಟ್ರೇಡ್ ಕಲಿಸುವವನು. ಹುಡುಗರಿಗೆ ನಾನು ಮೊದಲು ಹೇಳುವುದು ಒಂದೇ: ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಮುಂಚೆ ಸದ್ದು ಯಾವಾಗ ಬರುತ್ತದೆ ಅಂತ ಬರೆದುಕೊಳ್ಳಿ. ಸದ್ದು ಬರುವ ಹೊತ್ತು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಳಗೆ ಏನಿದೆ ಅಂತ ಒಮ್ಮೆ ಹೇಳಿಬಿಡುತ್ತೇನೆ. 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್‌ನ ಐಎಫ್‌ಎ ಪ್ರದರ್ಶನದಲ್ಲಿ ಇದನ್ನು ತೋರಿಸಿತು. ಅವತ್ತಿನಿಂದ ಇವತ್ತಿನವರೆಗೆ ಬುಟ್ಟಿ ಮಾದರಿಯ ಮೂಲ ವ್ಯವಸ್ಥೆ ಹೆಚ್ಚುಕಡಿಮೆ ಅದೇ. ಬುಟ್ಟಿಯ ಮೇಲೆ ಕಾಯಿಲ್. ಕಾಯಿಲ್ ಮೇಲೆ ಲೋಹದ ಫ್ಯಾನ್. ಅದರ ಮೇಲೆ ಶಾಖ ತಡೆಯುವ ತಗಡು. ತಗಡಿನ ನಡುವೆ ಒಂದು ತೂತು, ಅದರಲ್ಲಿ ಮೋಟಾರಿನ ಶಾಫ್ಟ್ ಇಳಿದು ಬರುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಅದೇ ಶಾಫ್ಟಿಗೆ ತಗಡಿನ ಮೇಲ್ಗಡೆ ಇನ್ನೊಂದು ಫ್ಯಾನ್ ಇರುತ್ತದೆ. ಕೆಳಗಿನದು ಬಿಸಿಗಾಳಿ ತಿರುಗಿಸುತ್ತದೆ, ಮೇಲಿನದು ಮೋಟಾರನ್ನು ತಣ್ಣಗಿಡುತ್ತದೆ. ಫ್ಯಾನಿಗೂ ತಗಡಿಗೂ ನಡುವೆ ಇರುವ ಜಾಗ ಕೆಲವೇ ಮಿಲಿಮೀಟರ್.

ಈಗ ಇಷ್ಟು ನೋಡಿ ಹೇಳಿ. ಬುಟ್ಟಿ ಖಾಲಿ ಇಟ್ಟು, ಪೇಪರ್ ಹಾಕದೆ, 180 ಡಿಗ್ರಿಗೆ 10 ನಿಮಿಷ ಓಡಿಸಿ. ಸದ್ದು ಆನ್ ಮಾಡಿದ ಕೂಡಲೇ ಬರುತ್ತದಾ, ಬಿಸಿಯಾದ ಮೇಲೆ ಬರುತ್ತದಾ? ಬುಟ್ಟಿಯ ಹಿಡಿಯನ್ನು ಒಳಗೆ ಒತ್ತಿ ಹಿಡಿದರೆ ಸದ್ದು ಬದಲಾಗುತ್ತದಾ? ಆಫ್ ಮಾಡಿದಾಗ ಫ್ಯಾನ್ ನಿಧಾನವಾಗಿ ನಿಲ್ಲುತ್ತದಾ, ಗಕ್ಕಂತ ನಿಲ್ಲುತ್ತದಾ? ಸುಟ್ಟ ವಾಸನೆ ಇದೆಯಾ?

ಸುಟ್ಟ ವಾಸನೆ ಇದ್ದರೆ ಮಾತ್ರ ಏನೂ ಪರೀಕ್ಷೆ ಮಾಡಬೇಡಿ. ಪ್ಲಗ್ ತೆಗೆದು ಪಕ್ಕಕ್ಕಿಡಿ.

ಒಗ್ಗರಣೆ ಸೌಟು, ಮೈಸೂರು

ಸರ್, ತುಂಬಾ ಥ್ಯಾಂಕ್ಸ್. ಈಗ ತಾನೇ ಓಡಿಸಿ ನೋಡಿದೆ.

ಬಟರ್ ಪೇಪರ್ ನಾವು ಬಳಸುವುದಿಲ್ಲ. ತಟ್ಟೆಯ ಬುಶ್‌ಗಳು ನಾಲ್ಕೂ ಇವೆ. ಮಷೀನ್ ಗ್ರಾನೈಟ್ ಕಟ್ಟೆಯ ಮೇಲೇ ಇದೆ, ಗೋಡೆಯಿಂದ ದೂರ ಇದೆ.

ಆನ್ ಮಾಡಿದಾಗ ಬರೀ ಗಾಳಿಯ ಸದ್ದು. ಐದಾರು ನಿಮಿಷ ಆದ ಮೇಲೆ ಮೊದಲು ಸಣ್ಣಗೆ ಕಿರ್ ಕಿರ್, ಆಮೇಲೆ ಬಿಡದೆ ಗರಗರ. ಬುಟ್ಟಿ ಒತ್ತಿ ಹಿಡಿದರೂ ಏನೂ ಬದಲಾಗಲಿಲ್ಲ. ಆಫ್ ಮಾಡಿದರೆ ಫ್ಯಾನ್ ಬೇಗ ನಿಂತುಬಿಡುತ್ತದೆ, ನಿಲ್ಲುವಾಗ ಟರ್ ಅಂತ ಒಂದು ಸದ್ದು. ಪೂರ್ತಿ ತಣ್ಣಗಾದ ಮೇಲೆ ಮತ್ತೆ ಹಾಕಿದರೆ ಶುರುವಿನಲ್ಲಿ ಸದ್ದಿಲ್ಲ. ವಾಸನೆ ಏನೂ ಇಲ್ಲ.

ಮಲೆನಾಡ ಮಳೆ, ತೀರ್ಥಹಳ್ಳಿ

ನಮ್ಮದು ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಹಾಕಿದ ಕೂಡಲೇ ಕೀಂಯ್ ಅಂತ ಕಿರುಚುತ್ತದೆ, ಎರಡು ಮೂರು ನಿಮಿಷಕ್ಕೆ ತಾನಾಗೇ ಸುಮ್ಮನಾಗುತ್ತದೆ. ಮಳೆಗಾಲದಲ್ಲಿ, ಚಳಿಯಲ್ಲಿ ಜಾಸ್ತಿ. ಹೊಲಿಗೆ ಮಷೀನಿಗೆ ಬಿಡುವ ಹಾಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಬಿಡಬಹುದಾ ಮೇಷ್ಟ್ರೇ?

ಐಟಿಐ ಮೇಷ್ಟ್ರು, ತುಮಕೂರು

ಮಲೆನಾಡಿನವರಿಗೆ ಮೊದಲು ಉತ್ತರ ಹೇಳುತ್ತೇನೆ, ಯಾಕಂದರೆ ಎಣ್ಣೆ ಬಿಟ್ಟುಬಿಟ್ಟರೆ ಕಷ್ಟ.

ಕೊಬ್ಬರಿ ಎಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ನಿಮ್ಮ ಊರಿನ ಚಳಿಯಲ್ಲಿ ಬೆಳಿಗ್ಗೆ ಶಾಫ್ಟನ್ನು ಅದೇ ಹಿಡಿದುಕೊಳ್ಳುತ್ತದೆ. ಬಿಸಿಗೆ ಸಿಕ್ಕಿ ಸಿಕ್ಕಿ ಕೊನೆಗೆ ಅಂಟು ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಅದು ಬೇಗ ಹೊತ್ತಿಕೊಳ್ಳುವ ವಸ್ತು, ಕೆಳಗೇ ಕಾಯಿಲ್ ಇದೆ. ಜೊತೆಗೆ ಅದು ಮೋಟಾರಿನ ಬುಶ್‌ನಲ್ಲಿ, ಅಂದರೆ ಶಾಫ್ಟ್ ತಿರುಗುವ ಲೋಹದ ಬಳೆಯಲ್ಲಿ, ಉಳಿದಿರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ನಿಮ್ಮ ಮಷೀನಿನಲ್ಲಿ ಮೋಟಾರಿನ ಬುಶ್ ಒಣಗುತ್ತಿದೆ. ಇಂಥ ಸಣ್ಣ ಮೋಟಾರುಗಳಲ್ಲಿ ಬೇರಿಂಗ್ ಬದಲು ಎಣ್ಣೆ ಹೀರಿಕೊಂಡ ಕಂಚಿನ ಬುಶ್ ಇರುವುದು ಸಾಮಾನ್ಯ. ವರ್ಷಗಟ್ಟಲೆ ಬಿಸಿಯಲ್ಲಿ ಓಡಿದ ಮೇಲೆ ಆ ಎಣ್ಣೆ ಕಡಿಮೆಯಾಗುತ್ತದೆ. ತಣ್ಣಗಿದ್ದಾಗ ಕಿರುಚಿ ಬಿಸಿಯಾದ ಮೇಲೆ ಸುಮ್ಮನಾಗುವುದು ಅದರ ಗುರುತು. ತಿಳಿದವರ ಕೈಯಲ್ಲಿ ಮೋಟಾರ್ ಬಿಚ್ಚಿಸಿ, ಬುಶ್ ಒರೆಸಿ, ಮೋಟಾರಿಗೆ ಅಂತಲೇ ಇರುವ ಎಣ್ಣೆ ಒಂದೆರಡು ಹನಿ ಕುಡಿಸಿದರೆ ಕೆಲವು ಕಾಲ ಚೆನ್ನಾಗಿ ನಡೆಯುತ್ತದೆ. ಶಾಫ್ಟ್ ಪಕ್ಕಕ್ಕೆ ಅಲ್ಲಾಡುವಷ್ಟು ಬುಶ್ ಸವೆದಿದ್ದರೆ ಮೋಟಾರ್ ಬದಲಾಯಿಸುವುದೇ ಸರಿ.

ಮೈಸೂರಿನ ಮೇಡಂ ಅವರದ್ದು ಬೇರೆ ಕಥೆ. ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಯಾದಾಗ ಉಜ್ಜುತ್ತದೆ ಅಂದರೆ ಅಲ್ಲಿ ಯಾವುದೋ ಲೋಹ ಹಿಗ್ಗಿ ಫ್ಯಾನಿಗೆ ತಾಗುತ್ತಿದೆ. ಫ್ಯಾನ್ ಬೇಗ ನಿಲ್ಲುವುದೂ ಅದಕ್ಕೇ. ಬುಶ್ ಒಣಗಿ ಹಿಡಿಯುತ್ತಿದ್ದರೆ ತಣ್ಣಗಿದ್ದಾಗಲೂ ಸದ್ದು ಬರಬೇಕಿತ್ತು.

ಮಷೀನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ತೆಗೆದು, ಬುಟ್ಟಿ ತೆಗೆದು, ಮಡಿಸಿದ ಬೆಡ್‌ಶೀಟಿನ ಮೇಲೆ ಮೆಲ್ಲಗೆ ಪಕ್ಕಕ್ಕೆ ಮಲಗಿಸಿ. ಮೊಬೈಲ್ ಟಾರ್ಚ್ ಹಾಕಿ ಕಾಯಿಲ್ ಸಂದಿಯಿಂದ ಒಳಗೆ ನೋಡಿ. ಒಂದು ಊದುಬತ್ತಿ ಕಡ್ಡಿಯಿಂದ ಫ್ಯಾನಿನ ರೆಕ್ಕೆಯನ್ನು ಸ್ವಲ್ಪ ಸ್ವಲ್ಪವೇ ತಳ್ಳಿ ಪೂರ್ತಿ ಒಂದು ಸುತ್ತು ತಿರುಗಿಸಿ. ಲೋಹದ ಕಡ್ಡಿ ಬೇಡ, ರೆಕ್ಕೆ ಸೊಟ್ಟಗಾದೀತು. ರೆಕ್ಕೆಯ ಅಂಚಿನಲ್ಲೋ ಹಿಂದಿನ ತಗಡಿನಲ್ಲೋ ಹೊಸದಾಗಿ ಹೊಳೆಯುವ ಗೆರೆ ಇದೆಯಾ ನೋಡಿ.

ಕರಿಂಡಿ ರೊಟ್ಟಿ, ಗದಗ

ನಮ್ಮ ಕಡೆ ಸೀಲಿಂಗ್ ಫ್ಯಾನ್ ಗುಂಯ್ ಅಂದರೆ ಕೆಪಾಸಿಟರ್ ಬದಲಾಯಿಸುತ್ತಾರೆ ರೀ. ಇದಕ್ಕೂ ಅದೇ ಮಾಡಬಹುದಾ? ನಮ್ಮ ಏರ್ ಫ್ರೈಯರ್ ಸಂಜೆ ಹೊತ್ತು ಗುಂಯ್ ಅಂತದೆ, ಫ್ಯಾನ್ ಸೋತ ಹಾಗೆ ಅನಿಸುತ್ತದೆ. ಹಗಲು ಸರಿ ಇರುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಬಂದರೆ ಸದ್ದು ಇನ್ನೂ ಜಾಸ್ತಿ, ಆಮೇಲೆ ಇನ್ವರ್ಟರೇ ಬೀಪ್ ಬೀಪ್ ಅಂತದೆ.

ಐಟಿಐ ಮೇಷ್ಟ್ರು, ತುಮಕೂರು

ಬುಟ್ಟಿ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದು ಶೇಡೆಡ್ ಪೋಲ್ ಅನ್ನುವ ಸರಳ ಸಣ್ಣ ಮೋಟಾರ್. ಅದಕ್ಕೆ ಕೆಪಾಸಿಟರೇ ಇಲ್ಲ. ಹಾಗಾಗಿ ಬದಲಾಯಿಸುವ ಮಾತೂ ಇಲ್ಲ.

ಸಂಜೆ ಹೊತ್ತು ಅಂದರೆ ವೋಲ್ಟೇಜ್ ನೋಡಿಸಿ. 230 ಇರಬೇಕಾದ ಕಡೆ 180 ಬಂದರೆ ಈ ಮೋಟಾರಿನ ಬಲ ಸುಮಾರು 60 ಪರ್ಸೆಂಟಿಗೆ ಇಳಿಯುತ್ತದೆ. ಕಾಯಿಲ್‌ನ ಶಾಖವೂ ಅಷ್ಟೇ ಇಳಿಯುತ್ತದೆ, 1400 ವ್ಯಾಟಿನದು 850ರ ಆಸುಪಾಸಿಗೆ ಬರುತ್ತದೆ. ಅದಕ್ಕೇ ಸಂಜೆ ಮಾಡಿದ್ದು ಬೇಯಲು ಜಾಸ್ತಿ ಹೊತ್ತು ಬೇಕಾಗುತ್ತದೆ. ಹೌದು ತಾನೆ?

ಇನ್ವರ್ಟರ್ ಮೇಲೆ ಇದನ್ನು ಓಡಿಸಲೇಬೇಡಿ. ಮನೆಯ ಇನ್ವರ್ಟರ್ ಬಹಳಷ್ಟು ಕಡೆ 900 ವಿಎ ಆಸುಪಾಸಿನದು. 1400 ವ್ಯಾಟನ್ನು ಅದು ಎಳೆಯಲಾರದು, ಬೀಪ್ ಬರುವುದು ಓವರ್‌ಲೋಡಿಗೆ. ಚೌಕ ಅಲೆಯ ಇನ್ವರ್ಟರ್ ಆದರೆ ಮೋಟಾರ್ ಗುಂಯ್ ಅನ್ನುವುದು ಖಂಡಿತ. ಮಷೀನ್ ಓಡುವಾಗ ಕರೆಂಟ್ ಹೋದರೆ ಮೊದಲು ಆಫ್ ಮಾಡುವ ಅಭ್ಯಾಸ ಮಾಡಿಕೊಳ್ಳಿ. ಅದರ ಪಾಯಿಂಟನ್ನು ಇನ್ವರ್ಟರ್ ಲೈನಿನಿಂದ ತೆಗೆಸಿದರೆ ಇನ್ನೂ ಒಳ್ಳೆಯದು.

ಪ್ಲಗ್ ಬಗ್ಗೆಯೂ ಒಂದು ಮಾತು. 1400 ವ್ಯಾಟಿಗೆ 6 ಆಂಪಿಯರ್‌ಗಿಂತ ಜಾಸ್ತಿ ಬೇಕು. ದಪ್ಪ ಪಿನ್ನಿನ 16 ಆಂಪಿಯರ್ ಪಾಯಿಂಟಿಗೇ ಹಾಕಿ. ಸಣ್ಣ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಪ್ಲಗ್ಗೇ ಚರಚರ ಅನ್ನುತ್ತದೆ, ಎಷ್ಟೋ ಜನ ಅದನ್ನೂ ಮಷೀನಿನ ಸದ್ದು ಅಂದುಕೊಳ್ಳುತ್ತಾರೆ. ಅದು ಸಾಕೆಟ್ ಒಳಗೆ ಕಿಡಿ ಹಾರುವ ಸದ್ದು. ಪ್ಲಗ್ ಮುಟ್ಟಿ ಬಿಸಿ ಇದ್ದರೆ ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ.

ಡಲ್ಲಾಸ್ ಅಡುಗೆಮನೆ

ಮೇಷ್ಟ್ರೇ, ಇದಕ್ಕೆ ಹತ್ತಿರದ ಒಂದು ಪ್ರಶ್ನೆ. ನಾವು ಮುಂದಿನ ವರ್ಷ ಊರಿಗೆ ವಾಪಸ್ ಬರುತ್ತಿದ್ದೇವೆ. ಇಲ್ಲಿ ತಗೊಂಡ ಏರ್ ಫ್ರೈಯರ್ ಚೆನ್ನಾಗಿದೆ, ಕಂಟೇನರಿನಲ್ಲಿ ಹಾಕಿ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದಾ? ಹಾಗೆ ತಂದ ಗೆಳೆಯರೊಬ್ಬರು ಸದ್ದು ಜಾಸ್ತಿ ಅನ್ನುತ್ತಾರೆ.

ಐಟಿಐ ಮೇಷ್ಟ್ರು, ತುಮಕೂರು

ತರಬೇಡಿ ಸರ್. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಾಯಿಸುವುದಿಲ್ಲ. ಹಾಗಾಗಿ ಆ ಮೋಟಾರ್ ಇಲ್ಲಿ ಆರರಲ್ಲಿ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತದೆ, ಬಿಸಿ ಜಾಸ್ತಿ ಆಗುತ್ತದೆ, ಗುಂಯ್ ಅನ್ನುವುದೂ ಜಾಸ್ತಿ. ಗಾಳಿ ಕಡಿಮೆ, ಕಾಯಿಲ್ ಶಾಖ ಮಾತ್ರ ಪೂರ್ತಿ. 1500 ವ್ಯಾಟಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಭಾರವೂ ಹೌದು, ದುಬಾರಿಯೂ ಹೌದು, ಅದರದ್ದೇ ಒಂದು ಸದ್ದು ಬೇರೆ. ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ.

ಒಗ್ಗರಣೆ ಸೌಟು, ಮೈಸೂರು

ಸರ್, ನೀವು ಹೇಳಿದ ಹಾಗೇ ನೋಡಿದೆ. ಗೆರೆ ಸಿಕ್ಕಿತು!

ಫ್ಯಾನಿನ ಹಿಂದೆ ತಗಡು ಬೂದು ಬಣ್ಣಕ್ಕಿದೆ, ಎಣ್ಣೆ ಹೊಗೆ ಹತ್ತಿ ಅಲ್ಲಲ್ಲಿ ಕಂದು. ಅದರ ಒಂದು ಬದಿಯಲ್ಲಿ ಮಾತ್ರ ಬೆರಳುದ್ದದ ಬಾಗಿದ ಗೆರೆ ಬೆಳ್ಳಗೆ ಹೊಳೆಯುತ್ತಿದೆ. ಫ್ಯಾನಿನ ಎರಡು ರೆಕ್ಕೆಗಳ ತುದಿಯೂ ಅಷ್ಟೇ ಹೊಳಪು. ಗೆರೆಯ ಕೆಳಗೆ ಸಣ್ಣ ಕಪ್ಪು ಪುಡಿ ಇದೆ, ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಸೀಸದ ಕಡ್ಡಿಯ ಬಣ್ಣ ಹತ್ತಿತು.

ಊದುಬತ್ತಿ ಕಡ್ಡಿಯಿಂದ ತಿರುಗಿಸಿದಾಗ ಫ್ಯಾನ್ ಸಲೀಸಾಗಿ ತಿರುಗಿತು. ಆದರೆ ಮಷೀನನ್ನು ಪಕ್ಕಕ್ಕೆ ಮಲಗಿಸುವಾಗ ಒಳಗೆ ಏನೋ ಉರುಳಿದ ಸದ್ದು ಬಂತು. ನೆಟ್ಟಗೆ ನಿಲ್ಲಿಸುವಾಗ ಮತ್ತೆ ಅದೇ ಸದ್ದು.

ಹೇಳಲೇಬೇಕಾದ ಇನ್ನೊಂದು ವಿಷಯ. ನಾವು ಇತ್ತೀಚೆಗೆ ಹುಬ್ಬಳ್ಳಿಯಿಂದ ಇಲ್ಲಿಗೆ ಮನೆ ಬದಲಾಯಿಸಿದೆವು. ಸಾಮಾನೆಲ್ಲ ಲಾರಿಯಲ್ಲಿ ಬಂತು. ಸದ್ದು ಶುರುವಾದದ್ದು ಇಲ್ಲಿಗೆ ಬಂದ ಮೇಲೆಯೇ.

ಐಟಿಐ ಮೇಷ್ಟ್ರು, ತುಮಕೂರು

ಬಹಳ ಚೆನ್ನಾಗಿ ನೋಡಿದ್ದೀರಿ ಮೇಡಂ. ಇಷ್ಟು ಸ್ಪಷ್ಟವಾಗಿ ಹೇಳಿದರೆ ರಿಪೇರಿ ಮಾಡುವವರ ಅರ್ಧ ದಿನ ಉಳಿಯುತ್ತದೆ.

ಆ ತಗಡನ್ನು ಸಾಮಾನ್ಯವಾಗಿ ಮೂರೋ ನಾಲ್ಕೋ ಸ್ಕ್ರೂ ಹಿಡಿದಿರುತ್ತವೆ. ಲಾರಿಯ ಕುಲುಕಾಟಕ್ಕೆ ಒಂದು ಸಡಿಲವಾಗಿ ಬಿದ್ದುಹೋಗಿರಬೇಕು, ಒಳಗೆ ಉರುಳುತ್ತಿರುವುದು ಅದೇ ಇರಬಹುದು. ಹಿಡಿತ ತಪ್ಪಿದ ಬದಿಯಲ್ಲಿ ತಗಡು ಬಿಸಿಗೆ ಹಿಗ್ಗಿ ಕೆಳಕ್ಕೆ ಉಬ್ಬುತ್ತದೆ, ಫ್ಯಾನಿಗೆ ತಾಗುತ್ತದೆ. ತಣ್ಣಗಾದರೆ ಮತ್ತೆ ಸ್ವಸ್ಥಾನಕ್ಕೆ ಹೋಗುತ್ತದೆ. ನೀವು ಹೇಳಿದ ಪ್ರತಿಯೊಂದು ಗುರುತೂ ಇದಕ್ಕೆ ಹೊಂದುತ್ತದೆ.

ಈಗ ನನ್ನದು ಒಂದು ಕಳಕಳಿಯ ಮಾತು. ರಿಪೇರಿ ಆಗುವವರೆಗೆ ಇದನ್ನು ಓಡಿಸಬೇಡಿ, ಮಾವನವರಿಗೆ ಬೆಂಡೆಕಾಯಿ ಬಾಣಲೆಯಲ್ಲೇ ಎರಡು ಚಮಚ ಎಣ್ಣೆಯಲ್ಲಿ ಹುರಿದುಕೊಡಿ. ಸಡಿಲವಾದ ಸ್ಕ್ರೂ ಲೋಹ. ಅದು ಉರುಳಿ ಕಾಯಿಲ್ ತಂತಿ ಸೇರುವ ಕಡೆ ಕೂತರೆ ಶಾರ್ಟ್ ಆಗಬಹುದು, ಮಷೀನಿನ ಮೈಗೆ ಕರೆಂಟ್ ಬರಬಹುದು. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಇದು ಪ್ರಾಣಕ್ಕೇ ಅಪಾಯ.

ಇನ್ನೊಂದು, ಫ್ಯಾನ್ ಉಜ್ಜಿ ಉಜ್ಜಿ ಯಾವತ್ತಾದರೂ ನಿಂತುಬಿಟ್ಟರೆ ಕಾಯಿಲ್‌ನ ಶಾಖ ಅಲ್ಲೇ ತುಂಬಿಕೊಳ್ಳುತ್ತದೆ. ಆಗ ಕೊನೆಗೆ ಕಾಪಾಡುವುದು ಥರ್ಮಲ್ ಫ್ಯೂಸ್, ಅಂದರೆ ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಫ್ಯೂಸ್. ಅದು ಸುಟ್ಟುಹೋದರೆ ಮಷೀನ್ ಪೂರ್ತಿ ಬಂದ್. ಕೆಲವರು ಆ ಫ್ಯೂಸ್ ತೆಗೆದು ನೇರ ತಂತಿ ಜೋಡಿಸಿ "ಸರಿ ಆಯ್ತು" ಅಂತ ಕೊಡುತ್ತಾರೆ. ಅಂಥ ಮಷೀನ್ ಮನೆಯೊಳಗೆ ಇರಬಾರದು.

ಹಳೇ ಮಿಕ್ಸಿ, ಹಾಸನ

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ನಾನು ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇಟ್ಟವನು, ಈಚೆಗೆ ಏರ್ ಫ್ರೈಯರ್‌ಗಳೂ ಬರುತ್ತಿವೆ. ಮನೆ ಬದಲಾಯಿಸಿದ ಮೇಲೆ ಸದ್ದು ಅಂತ ತರುವವರು ಇದ್ದಾರೆ. ಡಬ್ಬದ ಥರ್ಮಾಕೋಲ್ ಎಸೆದಿರುತ್ತಾರೆ, ಬುಟ್ಟಿ ಒಳಗೇ ಬಿಟ್ಟು ಹಳೇ ಸೀರೆ ಸುತ್ತಿ ಲಾರಿಗೆ ಹಾಕಿರುತ್ತಾರೆ. ದಾರಿ ಉದ್ದಕ್ಕೂ ಬುಟ್ಟಿ ಒಳಗೆ ಬಡಿಯುತ್ತಾ ಬರುತ್ತದೆ.

ಅಂಗಡಿಗೆ ಕೊಡುವಾಗ ಈ ಕೆಲವು ವಿಷಯ ಹೇಳಿ ಕೊಡಿ ಅಕ್ಕ. ಮೇಲಿನ ಮುಚ್ಚಳದ ಸ್ಕ್ರೂಗಳು ಕೆಲವು ಮಾದರಿಯಲ್ಲಿ ರಬ್ಬರ್ ಬಿರಡೆಯ ಕೆಳಗೆ ಇರುತ್ತವೆ, ಕೆಲವಕ್ಕೆ ನಕ್ಷತ್ರದ ತಲೆ ಇರುತ್ತದೆ. ಸರಿಯಾದ ಬಿಟ್ ಇಲ್ಲದವರು ಮುಚ್ಚಳ ಮೀಟಿ ಒಡೆಯುತ್ತಾರೆ. ಬಿಟ್ ಸೆಟ್ ಇದೆಯಾ ಅಂತ ಕೇಳಿಯೇ ಕೊಡಿ.

ಫ್ಯಾನ್ ಬಿಚ್ಚಬೇಕಾಗಿ ಬಂದರೆ, ಅದರ ನಡುವಿನ ನಟ್ ಹಲವು ಮಾದರಿಗಳಲ್ಲಿ ಉಲ್ಟಾ ಮರೆಯದ್ದು, ಅಂದರೆ ಉಲ್ಟಾ ಥ್ರೆಡ್ಡಿನದು. ಬೇರೆ ನಟ್ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿದರೆ ಇದು ಬಿಚ್ಚುತ್ತದೆ. ಗೊತ್ತಿಲ್ಲದೆ ಜೋರು ಮಾಡಿದರೆ ಶಾಫ್ಟ್ ಸೊಟ್ಟಗಾಗುತ್ತದೆ, ಆಮೇಲೆ ನಿಜವಾಗಿಯೂ ಮೋಟಾರ್ ಬದಲಾಯಿಸಬೇಕು.

ಒಳಗಿನ ತಂತಿಗಳಿಗೆ ಶಾಖ ತಡೆಯುವ ಹೊದಿಕೆ ಇರುತ್ತದೆ. ಅಲ್ಲಿ ಮನೆ ವೈರಿಂಗಿನ ಸಾದಾ ತಂತಿ ಹಾಕಿದರೆ ಕರಗುತ್ತದೆ. ಥರ್ಮಲ್ ಫ್ಯೂಸ್ ಬದಲಾಯಿಸಿದರೆ ಬೆಸುಗೆ ಹಾಕದೆ ಕ್ರಿಂಪ್ ಮಾಡಿ, ಅಂದರೆ ಲೋಹದ ಕೊಳವೆಯಲ್ಲಿ ಒತ್ತಿ, ಜೋಡಿಸಬೇಕು, ಬೆಸುಗೆಯ ಬಿಸಿಗೇ ಹೊಸ ಫ್ಯೂಸ್ ಹೋಗಿಬಿಡುತ್ತದೆ. ನಿಮ್ಮದಕ್ಕೆ ಇದೆಲ್ಲ ಬೇಕಾಗಲಾರದು. ತಗಡಿಗೆ ಸ್ಕ್ರೂ ಹಾಕಿ, ಜೊತೆಗೆ ಸ್ಪ್ರಿಂಗ್ ವಾಷರ್ ಕೊಟ್ಟರೆ ಮತ್ತೆ ಸಡಿಲ ಆಗುವುದಿಲ್ಲ.

ಎರಡನೇ ಮಹಡಿ, ಬೆಂಗಳೂರು

ನೋಡದೆಯೇ ಮೋಟಾರ್ ಬದಲಾಯಿಸಿ ಅಂದದ್ದು ನನಗೆ ಸರಿ ಕಾಣಲಿಲ್ಲ. ವಾರಂಟಿ ಮುಗಿದಿದ್ದರೂ ನಾವು ಕೊಡುವುದು ನಮ್ಮ ದುಡ್ಡು. ಏನು ಕೆಟ್ಟಿದೆ, ಯಾಕೆ ಬದಲಾಯಿಸಬೇಕು ಅಂತ ಬರೆದು ಕೊಡಿ ಎಂದು ಕೇಳಿ, ಬದಲಾಯಿಸಿದರೆ ಹಳೇ ಭಾಗ ವಾಪಸ್ ಕೇಳಿ. ವಾರಂಟಿ ಒಳಗಿರುವವರು ಸುಮ್ಮನೆ ಅಲೆದಾಡಬೇಕಿಲ್ಲ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ ರೈಟ್ ಟು ರಿಪೇರ್ ಅನ್ನುವ ಪೋರ್ಟಲ್ ಕೂಡ ಶುರು ಮಾಡಿದೆ. ರಿಪೇರಿ ಆಗುವ ವಸ್ತುವನ್ನು ಎಸೆಯುವ ಹಾಗೆ ಮಾಡುವುದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ.

ಒಗ್ಗರಣೆ ಸೌಟು, ಮೈಸೂರು

ಎಲ್ಲರಿಗೂ ಒಳ್ಳೆಯ ಸುದ್ದಿ. ನಮ್ಮ ಬೀದಿಯ ಮಿಕ್ಸಿ ಅಂಗಡಿಯಲ್ಲಿ ಕೊಟ್ಟೆ. ಹಾಸನದ ಅಣ್ಣ ಹೇಳಿದ ಹಾಗೆ ಬಿಟ್ ಸೆಟ್ ಇದೆಯಾ ಅಂತ ಕೇಳಿಯೇ ಕೊಟ್ಟೆ. ನನ್ನ ಎದುರಿಗೇ ಬಿಚ್ಚಿದರು.

ಮೇಲಿನ ಮುಚ್ಚಳ ತೆಗೆದ ಕೂಡಲೇ ಸ್ಕ್ರೂ ಸಿಕ್ಕಿತು. ಕೂಲಿಂಗ್ ಫ್ಯಾನಿನ ಪಕ್ಕ, ಮೋಟಾರ್ ಕಾಲಿನ ಸಂದಿಯಲ್ಲಿ ಬಿದ್ದಿತ್ತು. ತಗಡಿಗೆ ನಾಲ್ಕು ಸ್ಕ್ರೂ ಇರಬೇಕಿತ್ತು. ಒಂದು ಬಿದ್ದಿತ್ತು, ಅದರ ಪಕ್ಕದ್ದು ಬೆರಳಲ್ಲೇ ತಿರುಗುವಷ್ಟು ಸಡಿಲ. ಅಂಗಡಿಯವರು ನಾಲ್ಕಕ್ಕೂ ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿದರು. ಶಾಫ್ಟ್ ಹಿಡಿದು ಅಲ್ಲಾಡಿಸಿ ತೋರಿಸಿದರು, ಸ್ವಲ್ಪವೂ ಅಲ್ಲಾಡಲಿಲ್ಲ. ಮೋಟಾರ್ ಗಟ್ಟಿಯಾಗಿದೆ ಅಂದರು. ರೆಕ್ಕೆಯ ತುದಿ ಒಂದು ಕಡೆ ಚೂರು ಮೇಲೆ ಬಾಗಿತ್ತು, ಅದನ್ನು ಮೆಲ್ಲಗೆ ಸರಿ ಮಾಡಿದರು. ಪರೀಕ್ಷೆಗೆ ಇಟ್ಟುಕೊಂಡ ಸೀರೀಸ್ ಬಲ್ಬ್ ಇಟ್ಟು ಮಷೀನಿನ ಮೈಗೆ ಕರೆಂಟ್ ಬರುತ್ತದಾ ಅಂತಲೂ ನೋಡಿದರು.

ತಗೊಂಡಿದ್ದು 250 ರೂಪಾಯಿ. ಮನೆಗೆ ತಂದು 180 ಡಿಗ್ರಿಯಲ್ಲಿ 20 ನಿಮಿಷ ಓಡಿಸಿದೆ, ಬರೀ ಗಾಳಿಯ ಸದ್ದು. ಮಾವನವರು ಅವತ್ತು ಸಂಜೆಯೇ ಹಾಗಲಕಾಯಿ ಕೇಳಿ ಮಾಡಿಸಿಕೊಂಡರು.

ಒಂದು ಸಣ್ಣ ಅನುಮಾನ ಉಳಿದಿದೆ. ಆಫ್ ಮಾಡಿದ ಮೇಲೆ ಆಗಾಗ ಟಕ್ ಟಕ್ ಅಂತ ಬರುತ್ತದೆ. ಅಡುಗೆ ಆಗುವಾಗಲೂ ಮಧ್ಯೆ ಮಧ್ಯೆ ಒಂದು ಕ್ಲಿಕ್ ಕೇಳುತ್ತದೆ. ಇದು ಮೊದಲಿಂದಲೂ ಇತ್ತು, ಈಗ ಕಿವಿ ಅಲ್ಲೇ ಇರುವುದರಿಂದ ಗಮನಕ್ಕೆ ಬರುತ್ತಿದೆ.

ಐಟಿಐ ಮೇಷ್ಟ್ರು, ತುಮಕೂರು

ತುಂಬಾ ಸಂತೋಷ ಮೇಡಂ. ಆಫ್ ಮಾಡಿದ ಮೇಲಿನ ಟಕ್ ಟಕ್ ತಗಡು ತಣ್ಣಗಾಗಿ ಕುಗ್ಗುವ ಸದ್ದು. ಮಧ್ಯದ ಕ್ಲಿಕ್ ಕಾಯಿಲನ್ನು ಆನ್ ಆಫ್ ಮಾಡುವ ರಿಲೇಯದ್ದು. ನೀವಿಟ್ಟ ಡಿಗ್ರಿ ಮುಟ್ಟಿದಾಗ ಆಫ್, ಇಳಿದಾಗ ಆನ್. ಎರಡೂ ಇರಬೇಕಾದವೇ. ಕೆಲವು ಮಾದರಿಗಳಲ್ಲಿ ಆಫ್ ಆದ ಮೇಲೂ ಸ್ವಲ್ಪ ಹೊತ್ತು ಫ್ಯಾನ್ ಓಡುತ್ತದೆ, ಅದು ಮೋಟಾರ್ ತಣ್ಣಗಾಗಲಿ ಅಂತ. ಆಗ ಪ್ಲಗ್ ಕೀಳಬೇಡಿ.

ಬಂಗುಡೆ ಫ್ರೈ, ಮಂಗಳೂರು

ಇದನ್ನೆಲ್ಲ ಓದಿ ನಾನೂ ಟಾರ್ಚ್ ಹಾಕಿ ನೋಡಿದೆ. ಉಜ್ಜಿದ ಗೆರೆ ಇಲ್ಲ. ಆದರೆ ಫ್ಯಾನಿನ ನಟ್ ಮೇಲೆ ತುಕ್ಕು ಬಂದಿದೆ, ರೆಕ್ಕೆಗಳ ಮೇಲೆ ಎಣ್ಣೆ ಜಿಡ್ಡು ಗಟ್ಟಿಯಾಗಿ ಕೂತಿದೆ. ಓಡುವಾಗ ಕಟ್ಟೆ ಸಣ್ಣಗೆ ನಡುಗುತ್ತದೆ. ಬೇಕಿಂಗ್ ಸೋಡಾ ನೀರು ಸ್ಪ್ರೇ ಮಾಡಿ ತೊಳೆಯಬಹುದಾ?

ಹಳೇ ಮಿಕ್ಸಿ, ಹಾಸನ

ಸ್ಪ್ರೇ ಮಾಡಬೇಡಿ ಅಣ್ಣ, ನೀರು ಶಾಫ್ಟ್ ತೂತಿನಿಂದ ಮೋಟಾರಿಗೆ ಇಳಿಯುತ್ತದೆ. ಜಿಡ್ಡು ಒಂದು ಕಡೆ ಜಾಸ್ತಿ ಕೂತರೆ ಫ್ಯಾನಿನ ತೂಕ ಏರುಪೇರಾಗಿ ನಡುಕ ಬರುತ್ತದೆ, ನಿಮ್ಮದು ಅದೇ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಉದ್ದ ಹಿಡಿಯ ಮೆತ್ತನೆ ಬ್ರಷ್‌ಗೆ ಸುತ್ತಿ ಒಂದೊಂದು ರೆಕ್ಕೆಯನ್ನೂ ಒರೆಸಿ. ಯಂತ್ರ ಪಕ್ಕಕ್ಕೆ ಮಲಗಿರಲಿ, ಪ್ಲಗ್ ತೆಗೆದಿರಲಿ. ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ ಒಂದು ರಾತ್ರಿ ಬಿಟ್ಟು ಆಮೇಲೆ ಹಾಕಿ. ಎಲ್ಲ ರೆಕ್ಕೆಗಳನ್ನೂ ಒಂದೇ ಸಮ ಒರೆಸಿ, ಅರ್ಧಕ್ಕೆ ಬಿಟ್ಟರೆ ನಡುಕ ಇನ್ನೂ ಜಾಸ್ತಿ ಆಗುತ್ತದೆ.

ಮೇಲ್ಮೈ ತುಕ್ಕು ಆದರೆ ಈಗ ಚಿಂತೆ ಇಲ್ಲ. ಸಮುದ್ರದ ಉಪ್ಪುಗಾಳಿಗೆ ಬೇಗ ಬರುತ್ತದೆ. ಮೀನು ಮಾಡಿದ ಮೇಲೆ ಬುಟ್ಟಿ ತೊಳೆದು ಒದ್ದೆಯಾಗಿಯೇ ಒಳಗೆ ತಳ್ಳಬೇಡಿ, ಒಣಗಿಸಿ ಇಡಿ. ನಟ್ಟಿನಿಂದ ಪುಡಿ ಉದುರಲು ಶುರುವಾದರೆ ಬಿಚ್ಚಿಸಿ ಸ್ಟೇನ್‌ಲೆಸ್ ನಟ್ ಹಾಕಿಸಿ. ಉಲ್ಟಾ ಮರೆಯದ್ದೇ ಬೇಕು ಅಂತ ಹೇಳಿ ತಗೊಳ್ಳಿ, ಸಾದಾ ನಟ್ ಅದಕ್ಕೆ ಕೂರುವುದಿಲ್ಲ.